ಸಿಕ್ಕಿಬಿದ್ದವರಿಗೆ ಉಪವಾಸ

ಆ ಬುಧವಾರ ಚಿತ್ರಮಂದಿರದ ಬಾಗಿಲಲ್ಲಿ ನಾನು ಅಕ್ಕನಿಂದ ಕಿತ್ತುಕೊಂಡದ್ದು ಮೂರು. ಅಕ್ಕನ ಮಗಳಿಗೆ ಹೇಳಿದ್ದು ಎರಡು. ಮೂರನೆಯದು ಇಪ್ಪತ್ತೊಂದು ದಿನ ಕೆಲಸದ ಜಾಗದ ನನ್ನ ಲಾಕರಿನಲ್ಲಿ, ಮಡಿಸಿಟ್ಟ ಸಮವಸ್ತ್ರದ ಕೆಳಗೆ ಇತ್ತು. ದಿನಾ ಬೀಗ ತೆಗೆಯುವಾಗ, ಅದು ಅಲ್ಲಿ ಇರದೇ ಹೋಗಲಿ ಅಂದುಕೊಳ್ಳುತ್ತಿದ್ದೆ. ಇರುತ್ತಿತ್ತು.

ನನ್ನ ಕೆಲಸ ಹೆಂಗಸರ ಚೀಲ ನೋಡುವುದು. ಹದಿನಾಲ್ಕು ವರ್ಷದಿಂದ ಅದೇ ಬಾಗಿಲು, ಅದೇ ಮೇಜು, ಮೇಜಿನ ಪಕ್ಕ ಅದೇ ನೀಲಿ ಪ್ಲಾಸ್ಟಿಕ್ ಡಬ್ಬ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ ಎಂದು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದೆ. ಅದನ್ನು ಓದಿದವರು ಮೊದಲು ಮಾಡುವ ಕೆಲಸವೆಂದರೆ ತಮ್ಮ ತಿಂಡಿ ಎಲ್ಲಿದೆಯೋ ಅಲ್ಲಿ ಒಮ್ಮೆ ಮುಟ್ಟಿಕೊಳ್ಳುವುದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಆ ಗಾದೆಯ ಮೇಲೇ ನನ್ನ ಅರ್ಧ ಸಂಬಳ ನಿಂತಿದೆ. ಇನ್ನರ್ಧ ಬೆರಳಿನ ಮೇಲೆ. ನಾನು ಚೀಲದೊಳಗೆ ಇಣುಕುವುದು ಕಡಿಮೆ. ಹೊರಗಿನಿಂದಲೇ ಕೈಯ ಹಿಂಬದಿಯಿಂದ ಒತ್ತಿ ನೋಡುತ್ತೇನೆ. ಚಿಪ್ಸಿನ ಪೊಟ್ಟಣ ಉಸಿರು ಬಿಡುತ್ತದೆ. ಚಾಕೊಲೇಟು ಮೂಲೆ ತೋರಿಸುತ್ತದೆ. ಬ್ರೆಡ್ಡು ತಪ್ಪು ಮಾಡಿದ ಮಗುವಿನ ಹಾಗೆ ಮೆತ್ತಗೆ ಸುಮ್ಮನಿರುತ್ತದೆ. ಮಗುವಿನ ಡಯಾಪರುಗಳ ಮಧ್ಯೆ ಕೇಕು ಸಿಕ್ಕಿದೆ, ಪ್ಯಾಡಿನ ಪೊಟ್ಟಣದೊಳಗೆ ಬಿಸ್ಕತ್ತು ಸಿಕ್ಕಿದೆ. ಗಂಡಸರು ಮುಟ್ಟಲು ನಾಚುವ ಜಾಗದಲ್ಲೇ ಹೆಂಗಸರು ಅಡಗಿಸುವುದು. ಅದಕ್ಕೇ ಈ ಮೇಜಿಗೆ ಹೆಂಗಸನ್ನು ಕೂರಿಸಿದ್ದಾರೆ.

ಕಿತ್ತಿಟ್ಟಾಗ ಬೈಯುತ್ತಾರೆ. "ನಿಮ್ಮನೇಲಿ ಮಕ್ಕಳಿಲ್ವಾ?" ಅಂತ ಕೇಳುತ್ತಾರೆ. ಇಲ್ಲ ಅಂದರೆ "ಅದಕ್ಕೇ" ಅನ್ನುತ್ತಾರೆ. ಆದ್ದರಿಂದ ಈಚೆಗೆ ಇದ್ದಾರೆ ಅನ್ನುತ್ತಿದ್ದೆ. ಅಕ್ಕನ ಮಗಳನ್ನು ನೆನೆಸಿಕೊಂಡು ಹೇಳಿದರೆ ಅದು ಪೂರ್ತಿ ಸುಳ್ಳೂ ಅಲ್ಲ.

ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಬಟ್ಟೆ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಬರೀ ಕಾಲರು ಹೊಲಿದವಳು. ನಿವೃತ್ತಿಯಾದ ಮೇಲೆ ಪ್ರತಿ ಬುಧವಾರ ಮಧ್ಯಾಹ್ನದ ಆಟಕ್ಕೆ ಬರತೊಡಗಿದಳು. ಅರವತ್ತು ದಾಟಿದವರಿಗೆ ಆವತ್ತು ಅರ್ಧ ದರ. ಸಿನಿಮಾ ಯಾವುದಾದರೂ ಸರಿ ಅವಳಿಗೆ. ಅವಳು ಬರುತ್ತಿದ್ದದ್ದು ನನ್ನ ಮೇಜಿನ ಮುಂದೆ ನಿಲ್ಲಲಿಕ್ಕೆ.

ಅದು ನಮ್ಮ ಹಳೆಯ ಆಟ. ಚಿಕ್ಕವರಿದ್ದಾಗ ಅಮ್ಮ ನಮ್ಮಿಬ್ಬರಿಗೂ ಸೇರಿಸಿ ಒಂದು ಪೊಟ್ಟಣ ಹುರಿದ ಕಡಲೆಕಾಯಿ ಕೊಟ್ಟು ಸಿನಿಮಾಕ್ಕೆ ಕಳಿಸುತ್ತಿದ್ದಳು. ಅಲ್ಲಿಯ ಬಾಗಿಲಲ್ಲಿ ಒಬ್ಬ ಇದ್ದ. ಮಕ್ಕಳ ಜೇಬಿಗೆ ಮೂಗು ತಂದು ಮೂಸುತ್ತಿದ್ದ. ಮೂಸಪ್ಪ ಅಂತ ಅಕ್ಕನೇ ಹೆಸರಿಟ್ಟಿದ್ದಳು. ಅರ್ಧರ್ಧ ಹಂಚಿಕೊಂಡು ಇಬ್ಬರೂ ಬೇರೆ ಬೇರೆ ಅಡಗಿಸಬೇಕು, ಸಿಕ್ಕಿಬಿದ್ದವರಿಗೆ ಸಿನಿಮಾ ಮುಗಿಯುವವರೆಗೂ ಉಪವಾಸ, ಒಳಗೆ ಹೋಗಿ ಏನೂ ಕೊಳ್ಳುವ ಹಾಗಿಲ್ಲ, ಬೇಡುವ ಹಾಗಿಲ್ಲ. ಇದು ಅಕ್ಕನ ಕಾನೂನು. ನಾನು ಚಾಪೆ ಕೆಳಗೆ ತೂರಿದರೆ ಅವಳು ರಂಗೋಲಿ ಕೆಳಗೆ ತೂರುವವಳು. ಪ್ರತಿ ಸಲವೂ ಸಿಕ್ಕಿಬೀಳುತ್ತಿದ್ದದ್ದು ನಾನೇ. ಸಿಕ್ಕಿಬೀಳುವಂತಾದಾಗ ಅಕ್ಕ ಕೊನೆಯ ಅಸ್ತ್ರ ಬಿಡುತ್ತಿದ್ದಳು. ಮುಖ ಜೋಲು ಮಾಡಿ, "ಅದೊಂದು ಬಿಡಿ ಮಾಮ, ನಮ್ಮ ತಂಗಿಗೆ ಶುಗರ್ ಇದೆ," ಅನ್ನುವಳು. ಆಗ ನಾನು ಕತ್ತು ಒಂದು ಪಕ್ಕಕ್ಕೆ ವಾಲಿಸಿ, ಕಣ್ಣು ಅರ್ಧ ಮುಚ್ಚಿ ನಿಲ್ಲಬೇಕು. ಎರಡು ಸಲ ನಡೆಯಿತು. ಮೂರನೆಯ ಸಲ ಮೂಸಪ್ಪ, "ಕತ್ತಿಗೂ ಶುಗರ್ ಬರತ್ತೇನೇ ತರಲೆ?" ಅಂದ. ಆಮೇಲೆ ಮನೆಯಲ್ಲಿ ಯಾರಾದರೂ ಪಾತ್ರೆ ತೊಳೆಯಲ್ಲ, ಅಂಗಡಿಗೆ ಹೋಗಲ್ಲ ಅಂತ ಸೋಗು ಹಾಕಿದರೆ ಸಾಕು, ಇನ್ನೊಬ್ಬರು "ಶುಗರ್ ಇದೆ" ಅನ್ನುವುದು, ಕತ್ತು ವಾಲಿಸುವುದು. ಐವತ್ತು ವರ್ಷ ಅದೇ ನಗೆ. ನನ್ನ ಗಂಡ ನನ್ನನ್ನು ಬಿಟ್ಟುಹೋದ ವಾರ, ನಾನು ಹಾಸಿಗೆಯಿಂದ ಏಳದೆ ಬಿದ್ದುಕೊಂಡಿದ್ದಾಗಲೂ ಅವಳು ಬಾಗಿಲಲ್ಲಿ ನಿಂತು ಕತ್ತು ವಾಲಿಸಿದ್ದಳು. ಅಳುತ್ತಲೇ ನಕ್ಕಿದ್ದೆ.

ಉಪವಾಸದ ಬಗ್ಗೆ ಇನ್ನೊಂದು ಹೇಳಬೇಕು. ಆ ಸಿನಿಮಾಗಳ ಕಥೆ ಒಂದೂ ನೆನಪಿಲ್ಲ ನನಗೆ. ಪಕ್ಕದಲ್ಲಿ ಅಕ್ಕ ಅಗಿಯುತ್ತಿದ್ದ ಸದ್ದು ನೆನಪಿದೆ. ಆದರೆ ಕೊನೆಯ ಹಾಡಿನ ಹೊತ್ತಿಗೆ, ಪ್ರತಿ ಸಲ, ಕತ್ತಲಲ್ಲಿ ಒಂದು ಮುಷ್ಟಿ ಬಂದು ನನ್ನ ಅಂಗೈ ಮೇಲೆ ಕೂರುತ್ತಿತ್ತು. ತಾನಾಗಿ ತೆರೆಯುತ್ತಿರಲಿಲ್ಲ. ಬೆರಳು ಒಂದೊಂದೇ ನಾನೇ ಬಿಡಿಸಬೇಕು. ಒಳಗೆ ಬೆಚ್ಚಗಾದ ನಾಲ್ಕೋ ಐದೋ ಕಡಲೆ. ಕಾನೂನು ಮಾಡಿದವಳೇ ಮುರಿಯುತ್ತಿದ್ದಳು. ಆದರೆ ಕೊನೆಯಲ್ಲಿ; ನಾನು ಸಾಕಷ್ಟು ಹಸಿದ ಮೇಲೆ.

ಈಗ ಮೂಸಪ್ಪನ ಜಾಗದಲ್ಲಿ ನಾನಿದ್ದೆ. ಹಾಗಿದ್ದರೂ ಗೆಲ್ಲುತ್ತಿದ್ದವಳು ಅವಳೇ. ಕೋಟಿನ ಒಳಪದರಕ್ಕೆ ಜೇಬು ಹೊಲಿದುಕೊಂಡು ಬರುವಳು. ಟೋಪಿಯ ಅಂಚಿನಲ್ಲಿ ಒಣದ್ರಾಕ್ಷಿ ತುಂಬಿಕೊಂಡು ಬರುವಳು. ನಾನು ಒತ್ತಿ ಒತ್ತಿ ನೋಡಿ ಕೈಬಿಡುವೆ. ಆಟ ಮುಗಿದ ಮೇಲೆ ಹೊರಗೆ ಬಂದು, ಎಲ್ಲರಿಗೂ ಕೇಳುವ ಹಾಗೆ, ಖಾಲಿ ಕಾಗದ ಎತ್ತಿ ಹಿಡಿದು, "ಪೊಲೀಸಮ್ಮಾ, ಈ ಕಸ ಎಲ್ಲಿ ಹಾಕೋದು?" ಅನ್ನುವಳು. ಆರು ವಾರ ಸತತವಾಗಿ ಅವಳು ಆ ಮಾತು ಅಂದಿದ್ದಳು. ಒಳಗೆ ಜನರಿಗೆ ಸೀಟು ತೋರಿಸುವ ನನ್ನ ಗೆಳತಿ, ನಾವು ಟಾರ್ಚಿನವಳು ಅಂತಲೇ ಕರೆಯುವುದು, ಆವತ್ತೆಲ್ಲ ನಗುತ್ತಿದ್ದಳು. "ನಿಮ್ಮಕ್ಕ ಆನೇನ ತಂದ್ರೂ ನಿಮಗೆ ಬಾಲ ಸಿಗಲ್ಲ ಬಿಡಿ."

ಆ ಸೋಮವಾರ ಸೂಪರ್‌ವೈಸರ್ ನನ್ನ ಮೇಜಿನ ಮೇಲೆ ಒಂದು ಲಕೋಟೆ ಸುರಿದ. ಕಡಲೆಕಾಯಿ ಸಿಪ್ಪೆ. ಏಳನೆಯ ಸಾಲಿನಲ್ಲಿ ಸಿಕ್ಕಿದ್ದಂತೆ. "ಕಣ್ಣು ಪರೀಕ್ಷೆ ಮಾಡಿಸ್ಕೊಳ್ಳಿ. ಇಲ್ಲಾಂದ್ರೆ ಕುರ್ಚಿ ಖಾಲಿ ಮಾಡಿ," ಅಂದ. ನನಗೆ ಮಗನಿದ್ದಿದ್ದರೆ ಅವನ ವಯಸ್ಸಿನವನು. ಕೆಲಸ ಹೋಗುವ ಭಯದಿಂದಲೇ ಬುಧವಾರ ಹಾಗೆ ಮಾಡಿದೆ ಅಂತ ಹೇಳಿದರೆ ನನಗೆ ಅನುಕೂಲ. ಒಂದೆರಡು ದಿನ ನನಗೆ ನಾನೇ ಹೇಳಿಕೊಂಡೂ ನೋಡಿದೆ. ನಿಜ ಅದಲ್ಲ. ನನಗೆ ಗೆಲ್ಲಬೇಕಿತ್ತು. ನನ್ನ ಬದುಕಿನಲ್ಲಿ ಒಳ್ಳೆಯದು ಅಂತ ಬಂದದ್ದೆಲ್ಲ ಅಕ್ಕನ ಕೈಯಿಂದಲೇ ಬಂದದ್ದು. ಗಂಡ ಬಿಟ್ಟ ಮೇಲೆ ಮಲಗಲು ಕೋಣೆ, ಹಾಕಿಕೊಳ್ಳಲು ಸ್ವೆಟರು, ಈ ಕೆಲಸವೂ ಅವಳು ಯಾರಿಗೋ ಹೇಳಿ ಕೊಡಿಸಿದ್ದು. ಪಡೆದು ಪಡೆದು ಕೈ ಸೋತಿತ್ತು. ಒಮ್ಮೆಯಾದರೂ ಅವಳು ಕತ್ತಲಲ್ಲಿ ಹಸಿದು ಕೂತು, ನನ್ನ ಮುಷ್ಟಿ ಯಾವಾಗ ಬರುತ್ತದೆ ಅಂತ ಕಾಯಲಿ ಅನ್ನಿಸಿತ್ತು. ಇಷ್ಟೇ. ಇಷ್ಟು ಸಣ್ಣ ಆಸೆ.

ಬುಧವಾರ ಅವಳು ಬಂದಾಗ ಸಾಲು ಉದ್ದ ಇತ್ತು. ಅವಳ ಮುಖ ಸ್ವಲ್ಪ ಬಿಳಿಚಿದೆ ಅನ್ನಿಸಿತು. ಮೆಟ್ಟಿಲು ಹತ್ತಿ ಬಂದದ್ದಕ್ಕೆ ಇರಬೇಕು ಅಂದುಕೊಂಡೆ.

"ನೋಡಮ್ಮ ತಾಯಿ," ಅಂತ ಚೀಲ ಇಟ್ಟಳು. "ಸಾವಕಾಶ ನೋಡು. ಕನ್ನಡಕ ಬೇಕಾ?"

ಛತ್ರಿ ಕೈಗೆತ್ತಿಕೊಂಡೆ. ಮಡಿಕೆಯಲ್ಲಿ ಕಡಲೆಕಾಯಿ. ಉದ್ದಕ್ಕೆ, ಕೊಳವೆಯ ಹಾಗೆ ಸುತ್ತಿದ್ದಳು.

"ಒಂದು," ಅಂದೆ.

"ಅದು ನಿನಗೆ ಅಂತಲೇ ಇಟ್ಟಿದ್ದು. ಪಾಪ, ಆರು ವಾರದಿಂದ ಸೋತಿದೀಯ."

ಟಿಶ್ಯೂ ಕಾಗದದ ಪೊಟ್ಟಣ ಒತ್ತಿದೆ. ಮೇಲಿನ ಎರಡು ಪದರ ಕಾಗದ, ಕೆಳಗೆ ಬಿಸ್ಕತ್ತು. "ಎರಡು."

ಸಾಲಿನಲ್ಲಿದ್ದ ಹೆಂಗಸರು ನಗತೊಡಗಿದರು. ಅವಳೂ ನಕ್ಕಳು. ನಗುತ್ತ ಮೂಗಿನ ಮೇಲಿದ್ದ ಕನ್ನಡಕ ಸರಿಮಾಡಿಕೊಂಡಳು. ನನ್ನ ಕೈ ಆಗ ಅವಳ ಕನ್ನಡಕದ ಪೆಟ್ಟಿಗೆಯ ಮೇಲಿತ್ತು. ಕನ್ನಡಕ ಮುಖದ ಮೇಲಿದ್ದರೆ ಪೆಟ್ಟಿಗೆ ಯಾಕೆ ಭಾರ ಇರಬೇಕು? ತೆರೆದೆ. ಒರೆಸುವ ಬಟ್ಟೆಯ ಕೆಳಗೆ ಕಿತ್ತಳೆ ಬಣ್ಣದ ಪೆಪ್ಪರಮೆಂಟು, ಐದು.

"ಮೂರು!"

ಅವಳ ಮುಖ ಇಳಿಯಿತು. ಅದನ್ನು ನಾನು ನೋಡಿದೆ. ಈಗ ನೆನಪು ಮಾಡಿಕೊಂಡು ಸೇರಿಸಿದ್ದಲ್ಲ, ಆಗಲೇ ನೋಡಿದ್ದೆ, ನೋಡಿ ಖುಷಿಪಟ್ಟಿದ್ದೆ.

"ಅದೊಂದು ಬಿಡೇ," ಅಂದಳು. "ನನಗೆ ಶುಗರ್ ಇದೆ."

ನಾನು ಕತ್ತು ಒಂದು ಪಕ್ಕಕ್ಕೆ ವಾಲಿಸಿ, ಕಣ್ಣು ಅರ್ಧ ಮುಚ್ಚಿದೆ.

ನನ್ನನ್ನೇ ನೋಡಿದಳು. ಆಮೇಲೆ ಅವಳಿಗೂ ನಗು ತಡೆಯಲಾಗಲಿಲ್ಲ. ಸಾಲಿನ ಹಿಂದಿನಿಂದ ಯಾರೋ "ಬೇಗ ಆಗ್ಲಿ ಅಮ್ಮಾ, ಶುರುವಾಗತ್ತೆ," ಅಂದರು. "ಪೆಟ್ಟಿಗೆ ಸಮೇತ ಜಪ್ತಿ, ಹೋಗುವಾಗ ಇಸ್ಕೋ," ಅಂದೆ. "ಸಿಕ್ಕಿಬಿದ್ದವರಿಗೆ?"

"ಉಪವಾಸ," ಅಂದಳು ಅಕ್ಕ. ಒಳಗೆ ಹೋದಳು. ತಿಂಡಿಯ ಕೌಂಟರು ಅವಳಿಂದ ಹತ್ತು ಹೆಜ್ಜೆ ದೂರದಲ್ಲಿತ್ತು. ಅದರ ಮುಂದೆಯೇ ಹಾದುಹೋದಳು, ತಿರುಗಿಯೂ ನೋಡಲಿಲ್ಲ. ತನ್ನ ಕಾನೂನು ತಾನು ಪಾಲಿಸಿದಳು.

ಆಟ ಶುರುವಾಗಿ ಬಾಗಿಲು ಹಾಕಿದ ಮೇಲೆ ಒಂದು ಪೆಪ್ಪರಮೆಂಟು ಬಾಯಿಗೆ ಹಾಕಿಕೊಂಡೆ. ಗೆದ್ದವರ ಹಕ್ಕು. ತುಂಬ ದಿನದ ಮೇಲೆ ಅಷ್ಟು ಸಿಹಿಯಾದದ್ದು ತಿಂದದ್ದು. ಇಂಟರ್ವಲ್‌ನಲ್ಲಿ ಟಾರ್ಚಿನವಳು ಬಂದು, "ನಿಮ್ಮಕ್ಕ ಸೀಟಲ್ಲೇ ನಿದ್ದೆ ಹೊಡೀತಿದಾರೆ," ಅಂದಳು.

"ಹಸಿದೋರು ಇನ್ನೇನ್ ಮಾಡ್ತಾರೆ," ಅಂದೆ. "ಎಬ್ಬಿಸಬೇಡ. ಎದ್ರೆ ನಿನ್ ಹತ್ರ ಬೇಡ್ತಾಳೆ."

ಇಬ್ಬರೂ ನಕ್ಕೆವು. ಎರಡನೆಯದನ್ನು ಆಗ ತಿಂದೆ. ಉಳಿದ ಮೂರು ತೆಗೆದಿಟ್ಟೆ. ಕೊನೆಯ ಹಾಡಿಗೆ ಅಂತ.

ಕೊನೆಯ ಹತ್ತು ನಿಮಿಷ ಇರುವಾಗ ಮೇಜು ಬಿಟ್ಟು ಒಳಗೆ ಹೋದೆ. ಹದಿನಾಲ್ಕು ವರ್ಷದಲ್ಲಿ ಆಟ ನಡೆಯುವಾಗ ನಾನು ಒಳಗೆ ಕಾಲಿಟ್ಟದ್ದೇ ಕಡಿಮೆ. ಪರದೆಯ ಮೇಲೆ ಯಾರೋ ಓಡುತ್ತಿದ್ದರು, ಗೋಡೆಗಳೆಲ್ಲ ಬೆಳಗಿ ಆರುತ್ತಿದ್ದವು. ಏಳನೆಯ ಸಾಲಿನ ಅಂಚಿನ ಸೀಟು. ಬಗ್ಗಿ, ಮೂರೂ ಪೆಪ್ಪರಮೆಂಟನ್ನು ಮುಷ್ಟಿಯಲ್ಲಿಟ್ಟುಕೊಂಡು, ಅವಳ ಕೈ ಹುಡುಕಿ ಅದರ ಮೇಲೆ ಒತ್ತಿದೆ. ಅವಳು ಬೆರಳು ಬಿಡಿಸಲಿ ಅಂತ ಕಾದೆ.

ಅವಳ ಕೈ ತಣ್ಣಗಿತ್ತು, ಬೆವರಿನಿಂದ ಒದ್ದೆಯಾಗಿತ್ತು. ಅಲುಗಲಿಲ್ಲ. ಪರದೆ ಬೆಳಗಿದಾಗ ನೋಡಿದೆ. ಅವಳ ಕತ್ತು ಒಂದು ಪಕ್ಕಕ್ಕೆ ವಾಲಿತ್ತು. ಕಣ್ಣು ಅರ್ಧ ಮುಚ್ಚಿತ್ತು.

"ಸಾಕು ಮಾಡೇ ನಾಟಕ," ಅಂದೆ.

ಮುಂದಿನ ಸಾಲಿನಿಂದ ಯಾರೋ ಶ್ ಅಂದರು. ನಾನು ದನಿ ತಗ್ಗಿಸಿ ಇನ್ನೊಮ್ಮೆ ಅಂದೆ. ಭುಜ ಹಿಡಿದು ಅಲ್ಲಾಡಿಸಿದೆ. ತಲೆ ಇನ್ನೊಂದು ಪಕ್ಕಕ್ಕೆ ಬಿತ್ತು. ಆಮೇಲೆ ನಾನು ಕೂಗಿದ್ದು, ದೀಪ ಹತ್ತಿದ್ದು, ಸಿನಿಮಾ ಮಾತ್ರ ಯಾರೂ ನಿಲ್ಲಿಸದೆ ಓಡುತ್ತಲೇ ಇದ್ದದ್ದು, ಎಲ್ಲ ಚೂರುಚೂರಾಗಿ ನೆನಪಿದೆ. ಮೂರು ಪೆಪ್ಪರಮೆಂಟು ಆಂಬ್ಯುಲೆನ್ಸಿನಲ್ಲಿ ಕೂತಾಗಲೂ ನನ್ನ ಮುಷ್ಟಿಯಲ್ಲೇ ಇದ್ದವು.

ಡಾಕ್ಟರು ವಿವರಿಸಿದ್ದು ಸರಳವಾಗಿತ್ತು. ಇನ್ಸುಲಿನ್ ತೆಗೆದುಕೊಂಡ ಮೇಲೆ ಏನೂ ತಿಂದಿಲ್ಲ, ರಕ್ತದಲ್ಲಿ ಸಕ್ಕರೆ ತೀರಾ ಇಳಿದಿದೆ, ತುಂಬ ಹೊತ್ತು ಹಾಗೇ ಇದ್ದದ್ದರಿಂದ ಮಿದುಳಿಗೆ ಪೆಟ್ಟಾಗಿದೆ. ಉಸಿರಾಡುತ್ತಾಳೆ. ಕಣ್ಣು ತೆರೆಯುತ್ತಾಳೆ. ಅದಕ್ಕಿಂತ ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳಬೇಡಿ ಅಂದರು. ಸ್ವಲ್ಪ ಸಿಹಿ, ಒಂದು ಚಮಚ ಸಕ್ಕರೆ, ಸಾಕಾಗುತ್ತಿತ್ತು ಅಂದರು. ತಪ್ಪು ಹುಡುಕಲು ಹೇಳಿದ್ದಲ್ಲ, ಸುಮ್ಮನೆ ತಿಳಿಸಿದ್ದು.

ಅಕ್ಕನಿಗೆ ಇನ್ಸುಲಿನ್ ಅನ್ನುವ ಮಾತನ್ನೇ ನಾನು ಆವತ್ತು ಮೊದಲ ಸಲ ಕೇಳಿದ್ದು. ನಾಲ್ಕು ತಿಂಗಳಿಂದ ತೆಗೆದುಕೊಳ್ಳುತ್ತಿದ್ದಳಂತೆ.

"ನಿಮಗೆ ಹೇಳಬೇಡ ಅಂದಿದ್ರು ಅಮ್ಮ," ಅಂದಳು ಅಕ್ಕನ ಮಗಳು. ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಫೋನು ಎತ್ತುವ ಕೆಲಸ ಬಿಟ್ಟು ಓಡಿಬಂದಿದ್ದಳು. ಎದೆಗೆ ಪಿನ್ನು ಚುಚ್ಚಿದ ಹೆಸರಿನ ಚೀಟಿ ಇನ್ನೂ ಹಾಗೇ ಇತ್ತು. "ಗೊತ್ತಾದ್ರೆ ನಿನ್ನ ಚಿಕ್ಕಮ್ಮ ನನ್ನ ಚೀಲ ನೋಡದೇನೇ ಒಳಗೆ ಬಿಡ್ತಾಳೆ, ಆಮೇಲೆ ನಾನು ಬುಧವಾರ ಯಾಕೆ ಹೋಗ್ಲಿ ಅಂದ್ರು."

ಅವಳು ಅಮ್ಮನ ಚೀಲ ತೆರೆದು ಒಳಗೆ ಕೈಯಾಡಿಸಿದಳು.

"ಅಮ್ಮನ ಹತ್ರ ತಿನ್ನೋಕೆ ಏನೇನಿತ್ತು, ಚಿಕ್ಕಮ್ಮ?"

"ಕಡಲೆಕಾಯಿ. ಬಿಸ್ಕತ್ತು," ಅಂದೆ. "ನಾನು ತೆಗೆದಿಟ್ಟುಬಿಟ್ಟೆ. ನಮ್ಮ ಆಟ, ನಿನಗೆ ಗೊತ್ತಲ್ಲ…"

ಅವಳು ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಮೂರನೆಯದೂ ಬಾಯಿಂದ ಬೀಳುತ್ತಿತ್ತೋ ಏನೋ. ಅವಳು ನನ್ನ ಕೈ ಹಿಡಿದುಕೊಂಡಳು.

"ನಿಮಗೇನು ಗೊತ್ತಿತ್ತು ಪಾಪ. ನೀವು ಕಿತ್ಕೊಳ್ತೀರಿ ಅಂತ ಗೊತ್ತಿದ್ದೇ ಅಲ್ವಾ ನಾನು ಬೇರೆ ಇಡ್ತಿದ್ದದ್ದು? ಪ್ರತಿ ಬುಧವಾರ ಕನ್ನಡಕದ ಪೆಟ್ಟಿಗೇಲಿ ಐದು ಪೆಪ್ಪರಮೆಂಟು. ಅದು ಮಾತ್ರ ಎಂಥ ಪೊಲೀಸಿಗೂ ಸಿಗಬಾರದು ಅಂತ ಅಮ್ಮನಿಗೆ ಹೇಳಿಕೊಟ್ಟಿದ್ದೆ." ಅವಳ ದನಿ ಒಡೆಯಿತು. "ಚೀಲದಲ್ಲಿ ಪೆಟ್ಟಿಗೇನೇ ಇಲ್ಲ ಚಿಕ್ಕಮ್ಮ. ಆವತ್ತು ಬೆಳಿಗ್ಗೆ ನಂಗೆ ತಡ ಆಗಿತ್ತು. ಇಟ್ಟೆ ಅಂತ ಅನ್ಕೊಂಡೆ. ಇಟ್ಟಿಲ್ಲ ನಾನು."

ಆಗ ಹೇಳಬೇಕಿತ್ತು. ನಾಲಿಗೆಯ ಮೇಲೆ ಕಿತ್ತಳೆಯ ರುಚಿ ಇನ್ನೂ ಇತ್ತು. "ಅಳಬೇಡ," ಅಂದೆ ಅಷ್ಟೇ.

ಅಲ್ಲಿಂದ ಹತ್ತೊಂಬತ್ತು ದಿನ. ನಾನು ಕೆಲಸಕ್ಕೆ ಹೋದೆ. ಮೊದಲ ದಿನವೇ ಆ ಮೂರು ಪೆಪ್ಪರಮೆಂಟನ್ನು ಪೆಟ್ಟಿಗೆಯೊಳಗೆ ಹಾಕಿ ಲಾಕರಿನಲ್ಲಿ ಮುಚ್ಚಿಟ್ಟೆ. ಸೂಪರ್‌ವೈಸರ್ ಏನೂ ಕೇಳಲಿಲ್ಲ. ಟಾರ್ಚಿನವಳು ಮಾತ್ರ ನನ್ನ ಪಕ್ಕ ಬಂದು ನಿಲ್ಲುವುದು ಬಿಟ್ಟಳು. ಎಬ್ಬಿಸಬೇಡ ಅಂದದ್ದು ಅವಳಿಗೂ ನೆನಪಿರಬೇಕು. ಬೆರಳು ತಮ್ಮ ಪಾಡಿಗೆ ತಾವು ಹುಡುಕುತ್ತಿದ್ದವು. ಸಿಕ್ಕಿದ್ದನ್ನು ನಾನು ಅಲ್ಲೇ ಬಿಟ್ಟು ಚೀಲ ಮುಚ್ಚಿಕೊಡುತ್ತಿದ್ದೆ. ಅದರಿಂದ ಯಾರಿಗೆ ಏನು ಬಂತು?

ಸಂಜೆ ಆಸ್ಪತ್ರೆ. ಅಕ್ಕ ಕಣ್ಣು ತೆರೆದು ಮಲಗಿರುತ್ತಿದ್ದಳು. ನನ್ನ ಕಡೆಗೆ ನೋಡಿದ ಹಾಗೆ ಇರುತ್ತಿತ್ತು, ನಾನು ಪಕ್ಕಕ್ಕೆ ಸರಿದರೆ ನೋಟ ಅಲ್ಲೇ ಇರುತ್ತಿತ್ತು. ಬಲಗೈ ಸದಾ ಮುಷ್ಟಿ ಕಟ್ಟಿಕೊಂಡಿರುತ್ತಿತ್ತು. ಅದು ಸ್ನಾಯು ಬಿಗಿಯುವುದು, ಹೀಗಾದವರಿಗೆ ಹಾಗೇ, ದಿನಾ ಸ್ವಲ್ಪ ಬಿಡಿಸಿ ಒರೆಸಬೇಕು ಅಂತ ನರ್ಸ್ ಹೇಳಿದ್ದಳು.

ಆ ಹತ್ತೊಂಬತ್ತು ದಿನದಲ್ಲಿ ಅಕ್ಕನ ಮಗಳು ಅರ್ಧ ಆಗಿಹೋದಳು. ಮನೆಯೆಲ್ಲ ತಲೆಕೆಳಗು ಮಾಡಿ ಆ ಪೆಟ್ಟಿಗೆ ಹುಡುಕುತ್ತಿದ್ದಳು. ಒಂದು ದಿನ ಅಕ್ಕಿ ಡಬ್ಬದೊಳಗೂ ಕೈ ಹಾಕಿ ನೋಡಿದೆ ಅಂದಳು. "ಸಿಕ್ಕಿದ್ರೆ ಅದರೊಳಗೆ ಐದು ಇರತ್ತಾ ಅಂತ ನೋಡ್ಬೇಕು, ಅಷ್ಟೇ. ಇದ್ರೆ ಅಮ್ಮ ಮರೆತದ್ದು. ಖಾಲಿ ಇದ್ರೆ ನಾನು ಕೊಂದದ್ದು." ಹೀಗೆ ಹೇಳಿ ಅಮ್ಮನ ತಲೆ ಬಾಚುತ್ತಿದ್ದಳು. ಕೆಲಸಕ್ಕೆ ಹೋಗುವುದು ನಿಲ್ಲಿಸಿದಳು. ಕೈಗೆ ಕೊಟ್ಟ ಊಟ ಮುಟ್ಟುತ್ತಿರಲಿಲ್ಲ. "ಅಮ್ಮ ಹಸಿದಿದ್ರಲ್ಲ," ಅನ್ನುತ್ತಿದ್ದಳು. ನನ್ನ ಪಾಲಿನ ಉಪವಾಸ ಅವಳು ಮಾಡುತ್ತಿದ್ದಳು. ನಾನು ಎದುರು ನಿಂತು ನೋಡುತ್ತಿದ್ದೆ.

ಇಪ್ಪತ್ತನೆಯ ದಿನ ಅವಳು ತನ್ನ ಹೆಸರಿನ ಚೀಟಿಯ ಪಿನ್ನಿನಿಂದ ತನ್ನ ಅಂಗೈಗೇ ಗೀರಿಕೊಂಡದ್ದು ಕಂಡಿತು. ಸಣ್ಣ ಸಣ್ಣ ಗೀರು. ಐದು. ಕೇಳಿದರೆ ಕೈ ಹಿಂದಕ್ಕೆ ಎಳೆದುಕೊಂಡಳು.

ಮರುದಿನ ಕೆಲಸ ಮುಗಿದ ಮೇಲೆ ಲಾಕರಿನಿಂದ ಪೆಟ್ಟಿಗೆ ತೆಗೆದೆ. ಆಸ್ಪತ್ರೆಯ ಬಾಗಿಲಲ್ಲಿಯೂ ಒಬ್ಬಳು ಚೀಲ ನೋಡುವವಳಿದ್ದಾಳೆ. ರೋಗಿಗಳಿಗೆ ಹೊರಗಿನದ್ದೇನೂ ಕೊಡಬಾರದು. ಇಷ್ಟು ದಿನ ನನ್ನ ಚೀಲದಲ್ಲಿ ಏನೂ ಇರುತ್ತಿರಲಿಲ್ಲ. ಆವತ್ತು ಸಾಲಿನಲ್ಲಿ ನಿಂತಾಗ ನನ್ನ ಕೈ ತಾನಾಗಿ ಹೋಗಿ ಚೀಲದ ಎಡಮೂಲೆ ಮುಟ್ಟಿತು. ಅವಳು ಹೊಸಬಳು. ಅಂಗೈಯಿಂದ ಒತ್ತುತ್ತಿದ್ದಳು. ಹಾಗೆ ಒತ್ತಿದರೆ ಏನೂ ತಿಳಿಯುವುದಿಲ್ಲ. ಪೆಟ್ಟಿಗೆ ತೆರೆದು, ಮೇಲಿನ ಬಟ್ಟೆ ನೋಡಿ ಮುಚ್ಚಿದಳು. "ಹೋಗಿ ಅಮ್ಮಾ."

ಐವತ್ತು ವರ್ಷದಲ್ಲಿ ಮೊದಲ ಸಲ ನಾನು ಸಿಕ್ಕಿಬೀಳದೆ ಒಳಗೆ ಹೋದದ್ದು. ಹೋಗಿ ಅಕ್ಕನಿಗೆ ಹೇಳಬೇಕು ಅಂತ ಒಂದು ಕ್ಷಣ, ಒಂದೇ ಕ್ಷಣ, ಕಾಲು ಚುರುಕಾಯಿತು.

ಅಕ್ಕನ ಮಗಳು ಹಾಸಿಗೆಯ ಬಳಿ ಇದ್ದ ಒಂದೇ ಕುರ್ಚಿಯಲ್ಲಿ ಕೂತಿದ್ದಳು. ಪೆಟ್ಟಿಗೆಯನ್ನು ಅವಳ ತೊಡೆಯ ಮೇಲಿಟ್ಟೆ.

"ಎಲ್ಲಿ ಸಿಕ್ತು?" ಎದ್ದೇಬಿಟ್ಟಳು.

"ಸಿಗಲಿಲ್ಲ. ನನ್ನ ಹತ್ರಾನೇ ಇತ್ತು."

ಅವಳಿಗೆ ಕೇಳಿಸಲಿಲ್ಲ. ತೆರೆದು, ಬಟ್ಟೆ ತೆಗೆದು ನೋಡಿದಳು. ಮೂರು ಪೆಪ್ಪರಮೆಂಟು, ಒಂದಕ್ಕೊಂದು ಅಂಟಿಕೊಂಡಿದ್ದವು. ಅವಳ ಮುಖದ ಮೇಲೆ ಎಷ್ಟೋ ದಿನದ ಮೇಲೆ ಒಂದು ಬೆಳಕು ಬಂತು. "ಇಟ್ಟಿದ್ದೆ," ಅಂದಳು. "ನಾನು ಇಟ್ಟಿದ್ದೆ ಚಿಕ್ಕಮ್ಮ! ಅಮ್ಮಾ, ಇಟ್ಟಿದ್ದೆ ನೋಡು."

ಆ ಬೆಳಕು ನಾನು ನೋಡುತ್ತಿದ್ದ ಹಾಗೇ ಆರಿತು.

"ಐದಿತ್ತು," ಅಂದಳು.

"ಹೂಂ."

"ಇನ್ನೆರಡು?"

"ತಿಂದೆ."

"ಯಾರು ತಿಂದದ್ದು?"

"ನಾನು. ಒಂದು ಆಟ ಶುರುವಾದಾಗ. ಒಂದು ಇಂಟರ್ವಲ್‌ನಲ್ಲಿ."

ಪಕ್ಕದ ಹಾಸಿಗೆಯವರ ರೇಡಿಯೊದಲ್ಲಿ ಯಾರೋ ಹವಾಮಾನ ಓದುತ್ತಿದ್ದರು. ಅವಳು ಪೆಟ್ಟಿಗೆ ಮುಚ್ಚಿದಳು, ತೆರೆದಳು, ಮತ್ತೆ ಮುಚ್ಚಿದಳು.

"ಇದು ಕಿತ್ಕೊಂಡಾಗ ಅಮ್ಮ ಏನೂ ಹೇಳ್ಲಿಲ್ವಾ?"

"ಹೇಳಿದಳು."

"ಏನಂತ?"

"ಶುಗರ್ ಇದೆ ಅಂದಳು. ಅದೊಂದು ಬಿಡು ಅಂದಳು."

"ನೀವೇನಂದ್ರಿ?"

ನಾನು ಅಂದದ್ದು ಮಾತಿನಲ್ಲಿ ಅಲ್ಲ. ಅವಳೆದುರು ಕತ್ತು ವಾಲಿಸಿ ತೋರಿಸಲು ಆಗುತ್ತಿತ್ತೇ? "ನಕ್ಕೆ," ಅಂದೆ. "ಅವಳೂ ನಕ್ಕಳು ಕಣೇ. ನಿಜವಾಗಿ ಕೇಳಿದಳೋ, ಆಟಕ್ಕೆ ಅಂದಳೋ ನನಗೆ ತಿಳೀಲಿಲ್ಲ. ಈಗಲೂ ತಿಳೀತಿಲ್ಲ."

"ಇಪ್ಪತ್ತೊಂದು ದಿನ," ಅಂದಳು ಅವಳು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. "ನಾನು ಅಕ್ಕಿ ಡಬ್ಬ ಹುಡುಕಿದೆ ಅಂದಾಗ ನೀವು ಇಲ್ಲೇ ನಿಂತಿದ್ರಿ."

"ಹೂಂ."

ಅವಳು ಕುರ್ಚಿ ಎತ್ತಿಕೊಂಡು ಹಾಸಿಗೆಯ ಆ ಕಡೆಗೆ ಹೋದಳು. ಅಲ್ಲಿ ಗೋಡೆಗೂ ಹಾಸಿಗೆಗೂ ಮಧ್ಯೆ ಜಾಗವೇ ಇಲ್ಲ. ಆದರೂ ಅಡ್ಡವಾಗಿ ಇಟ್ಟುಕೊಂಡು ನನಗೆ ಬೆನ್ನು ಮಾಡಿ ಕೂತಳು. ನಾನು ಹೋಗಬೇಕೋ ನಿಲ್ಲಬೇಕೋ ಗೊತ್ತಾಗಲಿಲ್ಲ. ನರ್ಸ್ ಬಂದು, "ಕೈ ಒರೆಸಿದ್ರಾ ಇವತ್ತು?" ಅಂತ ಕೇಳಿ, ಉತ್ತರಕ್ಕೆ ಕಾಯದೆ ಒದ್ದೆ ಬಟ್ಟೆ ಕೊಟ್ಟು ಹೋದಳು.

ಹೊದಿಕೆ ಸರಿಸಿ ಅಕ್ಕನ ಬಲಗೈ ತೆಗೆದುಕೊಂಡೆ. ಮುಷ್ಟಿ ಬಿಗಿಯಾಗಿತ್ತು. ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬಿಡಿಸಿದೆ. ಕೈ ಬೆಚ್ಚಗಿತ್ತು. ದಿನಾ ಹೀಗೆ ಬಿಡಿಸುವಾಗ ನನ್ನ ಬೆರಳು ಒಂದು ಗಳಿಗೆ ಒಳಗೆ ತಡಕಾಡುತ್ತಿದ್ದವು ಅನ್ನುವುದು ನನಗೇ ಗೊತ್ತಿರಲಿಲ್ಲ. ಅದನ್ನು ಯಾರೋ ನೋಡಿದ್ದಾರೆ ಅಂತಲೂ ಗೊತ್ತಿರಲಿಲ್ಲ.

ಅಕ್ಕನ ಮಗಳು ಕುರ್ಚಿಯಲ್ಲೇ ತಿರುಗಿ ನನ್ನ ಕೈ ನೋಡುತ್ತಿದ್ದಳು.

"ಇನ್ನೂ ಏನು ಹುಡುಕ್ತಿದೀರಿ ಚಿಕ್ಕಮ್ಮ?" ಅಂದಳು. "ಎಲ್ಲ ತಗೊಂಡ್ರಲ್ಲ."

ಅಂಗೈ ಒರೆಸಿದೆ. ಬಟ್ಟೆ ಮಡಿಸಿಟ್ಟೆ. ಅಷ್ಟರಲ್ಲಿ ಬೆರಳುಗಳು ಮತ್ತೆ ಮುಚ್ಚಿಕೊಂಡಿದ್ದವು.